ಕಟ್ಟಿಗೆ ಸಿಗದ ಮುರಿತ

ಮಳವಳ್ಳಿ ಸೀಮೆಯಲ್ಲಿ ಯಾರಾದರೂ ಬಿದ್ದು ಕೈಯೋ ಕಾಲೋ ಮುರಿದುಕೊಂಡರೆ ಆಸ್ಪತ್ರೆಯ ಮಾತಿಗಿಂತ ಮೊದಲು ಇನ್ನೊಂದು ಮಾತು ಬರುವುದುಂಟು: ‘ಒಂದ್ ಕಟ್ಟು ಹಾಕ್ಸಿ ಬುಡಿ, ಕೂಡ್ಕತದೆ.’ ಮೊಟ್ಟೆಯ ಬಿಳಿ, ಸೊಪ್ಪಿನ ರಸ, ಬಿದಿರಿನ ದಬ್ಬೆ, ಮೇಲೊಂದು ಬಟ್ಟೆ. ಆಂಧ್ರದ ಪುತ್ತೂರಿನ ಹೆಸರು ಹೊತ್ತ ಕಟ್ಟು ದಕ್ಷಿಣ ಕರ್ನಾಟಕಕ್ಕೆಲ್ಲ ಪರಿಚಿತ. ಈ ನಂಬಿಕೆ ಪೂರ್ತಿ ಪೊಳ್ಳೂ ಅಲ್ಲ. ಮುಂಗೈ ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟು, ತುಂಡುಗಳು ಸರಿಯದೆ ಇದ್ದಲ್ಲೇ ಇದ್ದರೆ, ಅಲುಗಾಡದಂತೆ ಹಿಡಿದಿಟ್ಟರೆ ಸಾಕು, ಕೂಡಿಕೊಳ್ಳುತ್ತದೆ. ಆ ಕೆಲಸ ಮೂಳೆಯದು; ಹೆಸರು ಮಾತ್ರ ಕಟ್ಟಿದವರಿಗೆ.

ಆದರೆ ದಬ್ಬೆ ಹತ್ತಿರವೂ ಸುಳಿಯಲಾಗದ ಒಂದು ಮುರಿತವಿದೆ. ಅದು ಸೊಂಟದ ಕೀಲಿನ ಬಟ್ಟಲಿನದು.

ಒರಳುಕಲ್ಲು ಕಂಡವರಿಗೆ ಈ ಕೀಲನ್ನು ವಿವರಿಸುವುದು ಸುಲಭ. ತೊಡೆಮೂಳೆಯ ತುದಿಯಲ್ಲಿರುವ ಉರುಟಾದ ತಲೆಯೇ ಗುಂಡು. ಅದು ಕೂತು ತಿರುಗುವ ಗುಳಿ ಸೊಂಟದ ಮೂಳೆಯಲ್ಲಿದೆ. ವ್ಯತ್ಯಾಸ ಇಷ್ಟೇ: ಒರಳು ಅರೆಯಲೆಂದು ಒರಟಾಗಿರುತ್ತದೆ, ಇಲ್ಲಿ ಗುಂಡಿಗೂ ಗುಳಿಗೂ ನುಣುಪಾದ ಮೃದ್ವಸ್ಥಿಯ ಹೊದಿಕೆ. ಈ ಗುಳಿಗೆ ವೈದ್ಯರು ಇಟ್ಟ ಹೆಸರು ‘ಅಸಿಟಾಬುಲಮ್’. ಲ್ಯಾಟಿನ್‌ನಲ್ಲಿ ಅದು ರೋಮನ್ನರು ಊಟದ ಮೇಜಿನ ಮೇಲೆ ಹುಳಿರಸ ಇಡುತ್ತಿದ್ದ ಪುಟ್ಟ ಬಟ್ಟಲಿನ ಹೆಸರು. ಹುಟ್ಟುವಾಗ ಇದು ಒಂದೇ ಮೂಳೆಯೂ ಆಗಿರುವುದಿಲ್ಲ. ಮೂರು ಮೂಳೆಗಳು ಬಟ್ಟಲಿನ ತಳದಲ್ಲಿ ಬಂದು ಸೇರುತ್ತವೆ, ಹದಿಹರೆಯದಲ್ಲಿ ಬೆಸೆದು ಒಂದಾಗುತ್ತವೆ. ನಡೆಯುವಾಗ ಈ ಬಟ್ಟಲಿನ ಮೇಲೆ ಬೀಳುವ ಒತ್ತಡ ಮೈತೂಕದ ಎರಡೂವರೆ, ಮೂರು ಪಟ್ಟು. ಅರವತ್ತು ಕಿಲೋ ತೂಗುವವರು ಮದ್ದೂರು ಪೇಟೆಯಲ್ಲಿ ಸುಮ್ಮನೆ ಒಂದು ಸುತ್ತು ಹಾಕಿದರೂ ಹೆಜ್ಜೆಹೆಜ್ಜೆಗೆ ಒಂದೂವರೆ ಕ್ವಿಂಟಾಲಿಗಿಂತ ಹೆಚ್ಚು.

ಇಷ್ಟು ಗಟ್ಟಿಯಾದದ್ದು ಮುರಿಯಬೇಕಾದರೆ ಏಟೂ ಅಷ್ಟೇ ದೊಡ್ಡದಿರಬೇಕು. ಮಂಡ್ಯ ಜಿಲ್ಲೆಯಲ್ಲಿ ಅಂಥ ಏಟಿಗೆ ದಾರಿಗಳು ಹಲವು. ತೆಂಗಿನ ಮರದಿಂದ ಬೀಳುವುದು ಹಳೆಯದು. ಕೆ.ಎಂ.ದೊಡ್ಡಿಯ ಸಕ್ಕರೆ ಕಾರ್ಖಾನೆ ಕಡೆಗೆ ಕತ್ತಲಲ್ಲಿ ಕಬ್ಬು ಹೇರಿಕೊಂಡು ಹೊರಟ ಟ್ರ್ಯಾಕ್ಟರಿನ ಹಿಂದೆ ದೀಪವಿಲ್ಲದಿದ್ದರೆ, ಬೈಕಿನವನಿಗೆ ಅದು ಕಾಣುವುದು ತೀರಾ ಹತ್ತಿರ ಬಂದ ಮೇಲೆ. 2023ರ ಮಾರ್ಚ್ 12ರಂದು ಮದ್ದೂರಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ವೇಗವನ್ನೂ ತಂದಿತು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಿಂದ ಸರ್ವಿಸ್ ರಸ್ತೆಗೆ ಇಳಿಸಿದರು. ಕಾರಿಗೆ ಗಂಟೆಗೆ 100 ಕಿಲೋಮೀಟರಿನ ಮಿತಿ ಹಾಕಿದರು. ಐವತ್ತರ ವೇಗ ನೂರಾದರೆ ಏಟಿನ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆಗುತ್ತದೆ.

ಕಾರಿನ ಮುಂದಿನ ಸೀಟಿನಲ್ಲಿ ಬೆಲ್ಟು ಹಾಕದೆ ಕೂತವರನ್ನು ನೆನೆಸಿಕೊಳ್ಳಿ. ಮಂಡಿ ಮಡಚಿದೆ, ಎದುರಿಗೆ ಡ್ಯಾಶ್‌ಬೋರ್ಡು. ಡಿಕ್ಕಿಯಾದ ಕ್ಷಣ ಮಂಡಿ ಅದಕ್ಕೆ ಬಡಿಯುತ್ತದೆ. ಏಟು ತೊಡೆಮೂಳೆಯ ಉದ್ದಕ್ಕೂ, ಒನಕೆಯಲ್ಲಿ ಕುಟ್ಟಿದ ಹಾಗೆ, ಹಿಂದಕ್ಕೆ ಓಡುತ್ತದೆ. ಗುಂಡು ಬಟ್ಟಲಿನ ಹಿಂದಿನ ಗೋಡೆಯನ್ನು ಒಡೆದುಕೊಂಡು ಹೊರಬೀಳುತ್ತದೆ. ಆ ಕಾಲು ಗಿಡ್ಡವಾಗಿ, ಒಳಕ್ಕೆ ತಿರುಗಿ, ಮಡಚಿಕೊಂಡಿರುತ್ತದೆ. ನೇರ ಮಾಡಲು ಹೋದರೆ ಪ್ರಾಣ ಹೋಗುವಷ್ಟು ನೋವು. ಕೂತಾಗ ಕಾಲು ಅಗಲಿಸಿತ್ತೇ, ಕೂಡಿಸಿತ್ತೇ ಎಂಬಷ್ಟರಿಂದಲೇ ಮುರಿತದ ಬಗೆ ಬದಲಾಗುತ್ತದೆ. ವಯಸ್ಸಾದವರ ಕತೆ ಬೇರೆ. ಮೂಳೆ ಟೊಳ್ಳಾಗಿರುವುದರಿಂದ ಬಚ್ಚಲಲ್ಲಿ ಪಕ್ಕಕ್ಕೆ ಜಾರಿಬಿದ್ದರೂ ಗುಂಡು ಬಟ್ಟಲಿನ ತೆಳ್ಳನೆಯ ಒಳಗೋಡೆಯನ್ನು ತೂರಿಕೊಂಡು ಹೊಟ್ಟೆಯ ಕಡೆಗೆ ನುಗ್ಗಬಹುದು.

ಇಲ್ಲಿ ಎರಡು ಗಡಿಯಾರಗಳು ಒಟ್ಟಿಗೆ ಓಡುತ್ತವೆ. ಒಂದು ಗಂಟೆಯದು: ಹೊರಬಿದ್ದ ಗುಂಡಿಗೆ ರಕ್ತ ಒದಗಿಸುವ ಸಣ್ಣ ನಾಳಗಳು ಜಗ್ಗಿಹೋಗಿರುತ್ತವೆ. ಆದಷ್ಟು ಬೇಗ, ಸಾಧ್ಯವಾದರೆ ಆರು ಗಂಟೆಯೊಳಗೆ, ಅರಿವಳಿಕೆ ಕೊಟ್ಟು ಅದನ್ನು ಬಟ್ಟಲಿಗೆ ಮರಳಿಸಬೇಕು. ತಡವಾದಷ್ಟೂ ಗುಂಡಿನ ಮೂಳೆ ರಕ್ತವಿಲ್ಲದೆ ಸಾಯುವ ಅಪಾಯ ಹೆಚ್ಚು. ಇನ್ನೊಂದು ವಾರದ ಗಡಿಯಾರ: ಬಟ್ಟಲನ್ನು ಜೋಡಿಸುವ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಅದೇ ದಿನ ಮಾಡುವುದಿಲ್ಲ. ರಕ್ತಸ್ರಾವ ಹತೋಟಿಗೆ ಬರಲೆಂದು, ಸಿ.ಟಿ. ಸ್ಕ್ಯಾನ್ ನೋಡಿ ಯೋಚಿಸಲೆಂದು ಕೆಲವು ದಿನ ಕಾಯುತ್ತಾರೆ. ಅಲ್ಲಿಯವರೆಗೆ ಕಾಲಿಗೆ ತೂಕ ಕಟ್ಟಿ ಮಲಗಿಸುವುದು ಮೂಳೆ ವಾರ್ಡುಗಳಲ್ಲಿ ದಿನಾ ಕಾಣುವ ದೃಶ್ಯ. ಆದರೆ ಮೂರು ವಾರ ದಾಟಿದರೆ ತುಂಡುಗಳ ಸುತ್ತ ಹೊಸ ಮೂಳೆ ಬೆಳೆದು, ಅಡ್ಡಾದಿಡ್ಡಿಯಾಗಿ ಅಂಟಿಕೊಂಡು, ಬಿಡಿಸಿ ಕೂಡಿಸುವುದೇ ಪ್ರಯಾಸವಾಗುತ್ತದೆ. ‘ಮೊದ್ಲು ಕಟ್ಟು ಹಾಕ್ಸಿ ನೋಡ್ಮ’ ಎಂದು ಕಳೆಯುವ ದಿನಗಳ ನಷ್ಟ ಬೀಳುವುದು ಈ ಲೆಕ್ಕದಲ್ಲಿ. ಮುಂಗೈಗೆ ಆ ದಿನಗಳನ್ನು ಕೊಡಬಹುದೇನೋ, ಬಟ್ಟಲಿಗೆ ಕೊಡಲಾಗದು.

ಈ ಮುರಿತದ ಗುಟ್ಟು ಬಿಡಿಸಿದವರು ಫ್ರಾನ್ಸಿನವರು. ಅಲ್ಲಿಯವರೆಗೆ ಬಹುಮಟ್ಟಿಗೆ ತೂಕ ಕಟ್ಟಿ ತಿಂಗಳುಗಟ್ಟಲೆ ಮಲಗಿಸುವುದೇ ಚಿಕಿತ್ಸೆಯಾಗಿತ್ತು. ಕೆನಡಾ ಪಕ್ಕದ ಪುಟ್ಟ ಫ್ರೆಂಚ್ ದ್ವೀಪದಲ್ಲಿ ಹುಟ್ಟಿದ ಎಮಿಲ್ ಲೆಟೂರ್ನೆಲ್ ತಮ್ಮ ಗುರು ರಾಬರ್ಟ್ ಜುಡೆ ಜೊತೆ ಸೇರಿ, ಎಕ್ಸ್‌ರೇಯಲ್ಲಿ ಕಾಣುವ ಒಂದೊಂದು ಗೆರೆಯೂ ಮೂಳೆಯ ಯಾವ ಭಾಗದ್ದೆಂದು ಗುರುತಿಸಿದರು. ಬಟ್ಟಲನ್ನು ಹೊತ್ತಿರುವುದು ತಲೆಕೆಳಗಾದ ಇಂಗ್ಲಿಷ್ ‘ವೈ’ ಅಕ್ಷರದಂತೆ ಕವಲೊಡೆದ ಎರಡು ಕಂಬಗಳು, ಮುಂದೊಂದು ಹಿಂದೊಂದು, ಎಂದು ತೋರಿಸಿದರು. 1964ರಲ್ಲಿ ಪ್ರಕಟವಾದ ಅವರ ವಿಂಗಡಣೆಯಲ್ಲಿ ಐದು ಸರಳ ಬಗೆಗಳು, ಐದು ಬೆರಕೆ ಬಗೆಗಳು. ಈಗಲೂ ಮಂಡ್ಯದ ವೈದ್ಯಕೀಯ ಕಾಲೇಜಿನಲ್ಲಾಗಲಿ ಬೆಳ್ಳೂರು ಬಳಿಯ ಆದಿಚುಂಚನಗಿರಿ ಕಾಲೇಜಿನಲ್ಲಾಗಲಿ ಮೂಳೆ ವಿಭಾಗದ ವಿದ್ಯಾರ್ಥಿ ಕಲಿಯಬೇಕಾದದ್ದು ಈ ಹತ್ತನ್ನೇ. ಮಗ್ಗುಲನ್ನು ನಲವತ್ತೈದು ಡಿಗ್ರಿ ಎತ್ತಿ ತೆಗೆಯುವ ಎಕ್ಸ್‌ರೇಗೆ ಇಂದಿಗೂ ಜುಡೆಯದೇ ಹೆಸರು.

ಬಟ್ಟಲು ಒಡೆದವರಿಗೆಲ್ಲ ಆಪರೇಷನ್ ಬೇಕಿಲ್ಲ. ತುಂಡುಗಳು ಸರಿದಿಲ್ಲ, ಗುಂಡು ಬಟ್ಟಲಿನ ಛಾವಣಿಯ ಕೆಳಗೆ ಭದ್ರವಾಗಿ ಕೂತಿದೆ ಎಂದಾದರೆ ಹಾಗೇ ಬಿಡುತ್ತಾರೆ. ತೂಕ ಹೊರುವ ಜಾಗದಲ್ಲಿ ಎರಡು ಮಿಲಿಮೀಟರಿಗಿಂತ ಹೆಚ್ಚು ಏರುತಗ್ಗಾಗಿದ್ದರೆ ಚಿಂತೆ. ಮೂಳೆ ಮರಳಿ ಬೆಳೆಯುತ್ತದೆ, ಮೃದ್ವಸ್ಥಿ ಮೊದಲಿನಂತೆ ಬೆಳೆಯುವುದಿಲ್ಲ. ಒರಳಲ್ಲಿ ಕಲ್ಲಿನ ಚೂರು ಸಿಕ್ಕಿಕೊಂಡರೆ ಗುಂಡು ಸುತ್ತಿದಷ್ಟೂ ತರಿಯುತ್ತದೆಯಲ್ಲ, ಹಾಗೆ ಕೆಲವೇ ವರ್ಷಗಳಲ್ಲಿ ಕೀಲು ಸವೆಯುತ್ತದೆ.

ಹಿಂದಿನ ಗೋಡೆ ಒಡೆದಿದ್ದರೆ ಕುಂಡಿಯ ಕಡೆಯಿಂದ ಒಳಗೆ ಹೋಗಬೇಕು. ದಪ್ಪ ಮಾಂಸಖಂಡವನ್ನು ಸೀಳಿ ಸರಿಸಿದರೆ ಮೊದಲು ಎದುರಾಗುವುದು ಹೆಬ್ಬೆರಳು ದಪ್ಪದ ಸಯಾಟಿಕ್ ನರ. ಅದು ಜಗ್ಗಬಾರದೆಂದು ಆಪರೇಷನ್ ಉದ್ದಕ್ಕೂ ಮಂಡಿಯನ್ನು ಮಡಚಿಯೇ ಹಿಡಿದಿರುತ್ತಾರೆ. ಪೆಟ್ಟಾದರೆ ಪಾದ ಜೋತುಬಿದ್ದು ಚಪ್ಪಲಿಯೂ ನಿಲ್ಲುವುದಿಲ್ಲ. ಮುಂದಿನ ಕಂಬ ಮುರಿದಿದ್ದರೆ ದಾರಿ ಕಿಬ್ಬೊಟ್ಟೆಯದು. ಅಲ್ಲಿ ಮೂಳೆಗೆ ಅಂಟಿಕೊಂಡಂತೆ ಹಾಯುವ ಒಂದು ರಕ್ತನಾಳದ ಕೊಂಡಿಗೆ ಹಳೆಯ ಶಸ್ತ್ರವೈದ್ಯರು ‘ಮೃತ್ಯು ಕಿರೀಟ’ ಎಂದು ಹೆಸರಿಟ್ಟಿದ್ದಾರೆ. ಕಾಣದೆ ಕತ್ತರಿಸಿದರೆ ರಕ್ತ ನಿಲ್ಲಿಸುವುದು ಕಷ್ಟ, ಅದಕ್ಕೇ ಆ ಹೆಸರು.

ಹೀಗೆ ತಲುಪಿ ಕೂಡಿಸಿದ ತುಂಡುಗಳನ್ನು ಹಿಡಿದಿಡುವ ಪ್ಲೇಟಿನ ವಿಷಯಕ್ಕೆ ಬಂದರೆ, ಅದು ಸ್ಟೀಲು ಅಥವಾ ಟೈಟಾನಿಯಂನ ಕಿರುಬೆರಳಗಲದ ಪಟ್ಟಿ; ಸಾಲಾಗಿ ತೂತುಗಳು, ತೂತಿನ ನಡುವೆ ಎರಡೂ ಅಂಚಿಗೆ ಕಚ್ಚು. ಆ ಕಚ್ಚುಗಳಿಂದಾಗಿಯೇ ಪಟ್ಟಿಯನ್ನು ಮೇಲೆ ಕೆಳಗೆ ಮಾತ್ರವಲ್ಲ, ಅಡ್ಡಕ್ಕೂ ಬಗ್ಗಿಸಬಹುದು, ತಿರುಚಬಹುದು. ಕೈಯಲ್ಲಿ ಎರಡು ಬಗ್ಗಿಸುವ ಸಲಾಕೆ ಹಿಡಿದು ಡಾಕ್ಟರು ಅದನ್ನು ಮೂಳೆಯ ಮೇಲಿಟ್ಟು ನೋಡುತ್ತಾರೆ, ತೆಗೆದು ಬಗ್ಗಿಸುತ್ತಾರೆ, ಮತ್ತೆ ಇಟ್ಟು ನೋಡುತ್ತಾರೆ. ಕುಲುಮೆಯೊಂದಿಲ್ಲ, ಉಳಿದದ್ದೆಲ್ಲ ಕಮ್ಮಾರಿಕೆಯೇ. ಇದರಲ್ಲೊಂದು ಜಾಣತನವಿದೆ. ಹಿಂದಿನ ಗೋಡೆಗೆ ಹಾಕುವ ಪಟ್ಟಿಯನ್ನು ಮೂಳೆಯ ಬಾಗಿಗೆ ತಕ್ಕಷ್ಟು ಪೂರ್ತಿ ಬಗ್ಗಿಸದೆ ತುಸು ಕಡಿಮೆ ಬಗ್ಗಿಸುತ್ತಾರೆ. ಎರಡೂ ತುದಿಯ ಸ್ಕ್ರೂ ಬಿಗಿದಂತೆ ನಡುಭಾಗ ಒಡೆದ ಚೂರನ್ನು ಅದುಮಿ ಹಿಡಿಯುತ್ತದೆ. ಕಟ್ಟು ಹೊರಗಿನಿಂದ ಮಾಡಲಾಗದ ಅದುಮುವಿಕೆ ಇದು. ಈಚೆಗೆ ಕೆಲವೆಡೆ ಸಿ.ಟಿ. ಚಿತ್ರದಿಂದ ಸೊಂಟದ ಮೂಳೆಯ ಪ್ಲಾಸ್ಟಿಕ್ ಅಚ್ಚನ್ನು ಮುದ್ರಿಸಿಕೊಂಡು, ಪಟ್ಟಿಯನ್ನು ಹಿಂದಿನ ದಿನವೇ ಬಗ್ಗಿಸಿಟ್ಟುಕೊಳ್ಳುತ್ತಾರೆ.

ಸ್ಕ್ರೂ ಒಂದು ಕೂದಲಿನಷ್ಟು ದಿಕ್ಕು ತಪ್ಪಿದರೂ ಕೀಲಿನೊಳಗೆ ತಲೆಹಾಕೀತು. ಅದಕ್ಕೇ ಮೇಜಿನ ಮೇಲೆಯೇ ಎಕ್ಸ್‌ರೇ ಪರದೆಯಲ್ಲಿ ಹಲವು ಕೋನದಿಂದ ನೋಡುತ್ತಾರೆ. ಕೊನೆಗೆ ಕಾಲನ್ನು ಮೆಲ್ಲಗೆ ತಿರುಗಿಸಿ, ಕರಕರ ಎನ್ನುವುದೇನಾದರೂ ಕೈಗೆ ತಾಗುತ್ತದೆಯೇ ಎಂದು ಗಮನವಿಡುತ್ತಾರೆ. ಎಷ್ಟೇ ಯಂತ್ರವಿದ್ದರೂ ಆ ಒಂದು ಕ್ಷಣ ನಂಬಿಕೆ ಕೈಯ ಮೇಲೆ.

ಆಪರೇಷನ್ ಚೆನ್ನಾಗಿ ಆದ ಮೇಲೂ ಕೀಲು ಸವೆಯಬಹುದು, ಮಾಂಸದಲ್ಲಿ ಬೇಡದ ಮೂಳೆ ಬೆಳೆಯಬಹುದು, ಕೆಲವರಿಗೆ ಮುಂದೆ ಕೃತಕ ಕೀಲೇ ಬೇಕಾಗಬಹುದು. ಕಾಲಿನ ರಕ್ತನಾಳದಲ್ಲಿ ಗರಣೆ ಕಟ್ಟದಿರಲೆಂದು ಔಷಧಿ ಕೊಡುತ್ತಾರೆ. ರೈತಾಪಿ ಜನಕ್ಕೆ ಇದಕ್ಕಿಂತ ಕಷ್ಟವಾದದ್ದು ಮನೆಗೆ ಬಂದ ಮೇಲಿನ ನಿರ್ಬಂಧ: ಕುಕ್ಕರಗಾಲಲ್ಲಿ ಕೂರುವಂತಿಲ್ಲ, ಚಕ್ಕಳಮಕ್ಕಳ ಹಾಕುವಂತಿಲ್ಲ, ನೆಲಮಟ್ಟದ ಕಕ್ಕಸು ತಿಂಗಳುಗಟ್ಟಲೆ ಬಂದ್. ಎರಡೂವರೆ, ಮೂರು ತಿಂಗಳು ವಾಕರ್ ಹಿಡಿದು, ಆ ಕಾಲಿನ ಬೆರಳನ್ನು ನೆಲಕ್ಕೆ ತಾಗಿಸಿದಷ್ಟೇ ನಡಿಗೆ. ತಾಗಿಸುವುದೆಂದರೆ ಎಷ್ಟು ಎಂದು ಬಾಯಲ್ಲಿ ಹೇಳಿದರೆ ತಿಳಿಯದು. ಹಾಗಾಗಿ ಫಿಸಿಯೊಥೆರಪಿಯವರು ಕೆಲವೊಮ್ಮೆ ತೂಕ ನೋಡುವ ಸಣ್ಣ ಯಂತ್ರ ತಂದು ಮುಂದಿಡುತ್ತಾರೆ. ಕಾರ್ಖಾನೆಯ ಅಂಗಳದಲ್ಲಿ ಕಬ್ಬಿನ ಲೋಡು ತೂಗಿಸಿ ಟನ್ನಿನ ಚೀಟಿ ಜೇಬಿಗಿಡುತ್ತಿದ್ದವನು ಈಗ ವಾಕರಿನ ಮೇಲೆ ಭಾರ ಬಿಟ್ಟು, ಮುಳ್ಳು ಹತ್ತು ಕಿಲೋ ದಾಟದಂತೆ ಪಾದ ಊರುವುದನ್ನು ಅಭ್ಯಾಸ ಮಾಡುತ್ತಾನೆ.