ಮಾದರಿ ರಾಕೆಟ್ ಹವ್ಯಾಸ: ಸಂಘದ ಉಡಾವಣಾ ದಿನದ ಪರಿಚಯ

ಕಾಗದದ ಕೊಳವೆ, ಬಾಲ್ಸಾ ಮರದ ತೆಳು ರೆಕ್ಕೆಗಳು ಹಾಗೂ ಪ್ಲಾಸ್ಟಿಕ್ ಅಥವಾ ಮರದ ಮೊನೆಯನ್ನು ಜೋಡಿಸಿ, ಕಾರ್ಖಾನೆಯಲ್ಲಿ ತಯಾರಾದ ಸಣ್ಣ ಘನ ಇಂಧನ ಮೋಟಾರಿನಿಂದ ಆಕಾಶಕ್ಕೆ ಹಾರಿಸುವ ಸಾಧನಕ್ಕೆ ಮಾದರಿ ರಾಕೆಟ್ ಎಂದು ಹೆಸರು. ದೀಪಾವಳಿಯ ರಾಕೆಟ್‌ಗೂ ಇದಕ್ಕೂ ಇರುವ ಹೋಲಿಕೆ ಹೊರನೋಟದ್ದು ಮಾತ್ರ. ದೀಪಾವಳಿಯ ರಾಕೆಟ್ ಒಮ್ಮೆ ಉರಿದು ಮುಗಿಯುತ್ತದೆ. ಮಾದರಿ ರಾಕೆಟ್ ಪ್ಯಾರಾಚೂಟಿನ ನೆರವಿನಿಂದ ಮರಳಿ ನೆಲಕ್ಕಿಳಿದು, ಹೊಸ ಮೋಟಾರು ಪಡೆದು ಮತ್ತೆ ಹಾರುತ್ತದೆ. ಅಮೆರಿಕದಲ್ಲಿ ರೂಪುಗೊಂಡ ಈ ಹವ್ಯಾಸದಲ್ಲಿ ಶಾಲಾ ಬಾಲಕರಿಂದ ನಿವೃತ್ತ ಎಂಜಿನಿಯರುಗಳವರೆಗೆ ಅನೇಕರು ತೊಡಗಿದ್ದಾರೆ.

ಹವ್ಯಾಸ ಬೆಳೆದ ಬಗೆ

1950ರ ದಶಕದಲ್ಲಿ ಅಮೆರಿಕದ ಅನೇಕ ಯುವಕರು ಮನೆಯಲ್ಲಿಯೇ ರಾಕೆಟ್ ತಯಾರಿಸಲು ಮುಂದಾಗಿದ್ದರು. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟವು ಸ್ಪುಟ್ನಿಕ್ ಉಪಗ್ರಹವನ್ನು ಉಡಾಯಿಸಿದ ನಂತರ ಈ ಉತ್ಸಾಹವು ಇಮ್ಮಡಿಯಾಯಿತು. ಲೋಹದ ಕೊಳವೆಗೆ ಬೆಂಕಿಕಡ್ಡಿಯ ಮದ್ದನ್ನೋ ಇತರ ರಾಸಾಯನಿಕಗಳನ್ನೋ ತುಂಬಿ ಹಾರಿಸಲು ಹೋಗಿ ಬೆರಳು ಕಳೆದುಕೊಂಡವರು, ಕಣ್ಣು ಕಳೆದುಕೊಂಡವರು, ಪ್ರಾಣವನ್ನೇ ತೆತ್ತವರು ಉಂಟು. ಇಂತಹ ಅವಘಡಕ್ಕೆ ಕಾರಣ ಸ್ಪಷ್ಟವಾಗಿದೆ. ಕೈಯಿಂದ ತುಂಬಿದ ಮದ್ದಿನಲ್ಲಿ ಬಿರುಕುಗಳೂ ಪೊಳ್ಳುಗಳೂ ಉಳಿಯುತ್ತವೆ. ಬೆಂಕಿಯು ಅವುಗಳೊಳಗೆ ಹೊಕ್ಕಾಗ ಉರಿಯುವ ಮೇಲ್ಮೈ ಒಮ್ಮೆಲೇ ಹೆಚ್ಚಿ, ಒಳಗಿನ ಒತ್ತಡವು ಕೊಳವೆಯ ಶಕ್ತಿಯನ್ನು ಮೀರುತ್ತದೆ. ಆಗ ಲೋಹದ ಕೊಳವೆಯು ಬಾಂಬಿನಂತೆ ಸಿಡಿದು ಚೂರುಗಳಾಗುತ್ತದೆ.

ಇದಕ್ಕೆ ಪರಿಹಾರವನ್ನು ಒದಗಿಸಿದವರು ನೆಬ್ರಾಸ್ಕ ರಾಜ್ಯದ ನಾರ್ಫೋಕ್ ಪಟ್ಟಣದ ಪಾದರಕ್ಷೆ ವ್ಯಾಪಾರಿ ಆರ್ವಿಲ್ ಕಾರ್ಲೈಲ್ ಎಂಬುದು ಸ್ವಾರಸ್ಯದ ಸಂಗತಿ. ಇವರಿಗೆ ಬಾಣಬಿರುಸು ತಯಾರಿಕೆಯ ಅನುಭವವಿತ್ತು. ಸೋದರ ರಾಬರ್ಟ್‌ಗೆ ಮಾದರಿ ವಿಮಾನಗಳ ಹವ್ಯಾಸವಿತ್ತು. ಇವರಿಬ್ಬರು 1954ರಲ್ಲಿ ಕಾಗದದ ಕವಚದ, ಬದಲಾಯಿಸಬಹುದಾದ ಮೋಟಾರಿನ ಮಾದರಿಯೊಂದನ್ನು ರೂಪಿಸಿದರು. ಮನೆತಯಾರಿಕೆಯ ರಾಕೆಟ್‌ಗಳ ಅಪಾಯವನ್ನು ಕುರಿತು ಹ್ಯಾರಿ ಸ್ಟೈನ್ ಅವರು 1957ರಲ್ಲಿ ಪ್ರಕಟಿಸಿದ ಲೇಖನವನ್ನು ಓದಿದ ಕಾರ್ಲೈಲ್ ತಮ್ಮ ಮಾದರಿಗಳನ್ನು ಅವರಿಗೆ ಕಳುಹಿಸಿಕೊಟ್ಟರು. ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್ ಕ್ಷಿಪಣಿ ಪರೀಕ್ಷಾ ನೆಲೆಯಲ್ಲಿ ಕೆಲಸ ಮಾಡಿದ್ದ ಸ್ಟೈನ್ ಅದೇ ವರ್ಷ ಹವ್ಯಾಸಿಗಳ ಸಂಘವನ್ನು ಸ್ಥಾಪಿಸಿದರು. ಅದೇ ಮುಂದೆ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ ಎಂಬ ಹೆಸರು ಪಡೆಯಿತು. ಅನಂತರ ಡೆನ್ವರ್ ನಗರದ ವರ್ನ್ ಎಸ್ಟೆಸ್ ಅವರು ಮೋಟಾರುಗಳನ್ನು ಒಂದೇ ಪ್ರಮಾಣದಲ್ಲಿ ತಯಾರಿಸುವ ಯಂತ್ರವನ್ನು ನಿರ್ಮಿಸಿದರು. ಅಂದಿನಿಂದ ಹವ್ಯಾಸಿಯು ಮದ್ದನ್ನು ಕೈಯಿಂದ ಮುಟ್ಟುವ ಅಗತ್ಯವೇ ಉಳಿಯಲಿಲ್ಲ.

ಉಡಾವಣಾ ದಿನ

ಸಂಘದ ಉಡಾವಣೆಯು ಸಾಮಾನ್ಯವಾಗಿ ರಜಾದಿನದಂದು, ಜಮೀನಿನ ಮಾಲೀಕರ ಅನುಮತಿ ಪಡೆದ ವಿಶಾಲ ಬಯಲಿನಲ್ಲಿ ನಡೆಯುತ್ತದೆ. ಮುಂಜಾನೆ ಗಾಳಿ ಕಡಿಮೆ ಇರುವುದರಿಂದ ಸದಸ್ಯರು ಬೇಗನೆ ಸೇರುತ್ತಾರೆ. ಗಾಳಿಯ ವೇಗವು ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿ.ಮೀ. ಮೀರಿದರೆ ಉಡಾವಣೆ ನಡೆಸುವಂತಿಲ್ಲ. ಉಡಾವಣಾ ಕಂಬಿಗಳ ಬಳಿ ಒಣ ಹುಲ್ಲು ಇರಬಾರದು.

ಹವ್ಯಾಸಿಯು ಮೊದಲು ತನ್ನ ರಾಕೆಟನ್ನು ಸುರಕ್ಷತಾ ಅಧಿಕಾರಿಯ ಮೇಜಿಗೆ ಒಯ್ಯಬೇಕು. ರೆಕ್ಕೆಗಳು ಭದ್ರವಾಗಿವೆಯೇ, ಮೊನೆಯು ತೀರಾ ಬಿಗಿಯಾಗಿಲ್ಲವೇ, ಪ್ಯಾರಾಚೂಟ್ ಬಿಸಿಯಿಂದ ಸುಡದಂತೆ ಬೆಂಕಿ ನಿರೋಧಕ ಕಾಗದವನ್ನು ತುಂಬಲಾಗಿದೆಯೇ ಎಂಬುದನ್ನು ಅಲ್ಲಿ ಪರಿಶೀಲಿಸಲಾಗುತ್ತದೆ. ಹೊಸ ವಿನ್ಯಾಸವಾದಲ್ಲಿ ಸ್ಥಿರತೆಯ ಪ್ರಶ್ನೆಯೂ ಏಳುತ್ತದೆ. ರಾಕೆಟಿನ ಗುರುತ್ವ ಕೇಂದ್ರವು ಗಾಳಿಯ ಒತ್ತಡ ಕೇಂದ್ರಕ್ಕಿಂತ ಮುಂದೆ, ಕನಿಷ್ಠ ಕೊಳವೆಯ ಒಂದು ವ್ಯಾಸದಷ್ಟು ಅಂತರದಲ್ಲಿರುವುದು ಒಳ್ಳೆಯದು. ಇಲ್ಲವಾದರೆ ಅದು ಮೇಲೇರದೆ ಗಾಳಿಯಲ್ಲಿ ಲಾಗ ಹಾಕುತ್ತದೆ. ಒತ್ತಡ ಕೇಂದ್ರವನ್ನು ಲೆಕ್ಕದಿಂದ ಕಂಡುಕೊಳ್ಳುವ ಸುಲಭ ವಿಧಾನವನ್ನು ನಾಸಾದ ಎಂಜಿನಿಯರ್ ಜೇಮ್ಸ್ ಬ್ಯಾರೋಮನ್ 1966ರಲ್ಲಿ ಹವ್ಯಾಸಿಗಳ ಮುಂದಿಟ್ಟರು. ಲೆಕ್ಕ ಬೇಡವೆನ್ನುವವರು ಹಾರಲು ಸಿದ್ಧವಾದ ರಾಕೆಟನ್ನು ಗುರುತ್ವ ಕೇಂದ್ರದಲ್ಲಿ ದಾರದಿಂದ ಕಟ್ಟಿ ತಲೆಯ ಮೇಲೆ ಸುತ್ತಲೂ ಬೀಸುತ್ತಾರೆ. ಮೊನೆ ಮುಂದಾಗಿಯೇ ಸಾಗಿದರೆ ರಾಕೆಟ್ ಸ್ಥಿರವಾಗಿದೆ ಎಂದರ್ಥ.

ಮೋಟಾರಿನ ಮೇಲೆ 'ಸಿ 6-5' ಎಂಬಂತಹ ಸಂಕೇತವಿರುತ್ತದೆ. ಅಕ್ಷರವು ಮೋಟಾರು ನೀಡುವ ಒಟ್ಟು ಆವೇಗದ ವರ್ಗವನ್ನು ತಿಳಿಸುತ್ತದೆ. ಎ ವರ್ಗದ ಗರಿಷ್ಠ ಮಿತಿ 2.5 ನ್ಯೂಟನ್-ಸೆಕೆಂಡ್, ಬಿ ವರ್ಗದ್ದು 5, ಸಿ ವರ್ಗದ್ದು 10, ಹೀಗೆ ಪ್ರತಿ ಅಕ್ಷರಕ್ಕೂ ಇಮ್ಮಡಿಯಾಗುತ್ತದೆ. ಮೊದಲ ಅಂಕಿ ಸರಾಸರಿ ನೂಕುಬಲವನ್ನು ನ್ಯೂಟನ್‌ಗಳಲ್ಲಿ ಸೂಚಿಸುತ್ತದೆ. ಕೊನೆಯ ಅಂಕಿಯೇ ರಾಕೆಟಿನ ಹಣೆಬರಹ. ಇಂಧನ ಉರಿದು ಮುಗಿದ ಮೇಲೆ ರಾಕೆಟ್ ತನ್ನ ವೇಗದಿಂದಲೇ ಮೇಲೇರುತ್ತಿರುವಾಗ ನಿಧಾನವಾಗಿ ಉರಿಯುವ ಪದರವೊಂದು ಐದು ಸೆಕೆಂಡು ಹೊಗೆಯುಗುಳುತ್ತದೆ. ಅನಂತರ ಚಿಕ್ಕ ಮದ್ದೊಂದು ಮುಂದಕ್ಕೆ ಸಿಡಿದು, ಮೊನೆಯನ್ನು ಕಳಚಿ, ಪ್ಯಾರಾಚೂಟನ್ನು ಹೊರದೂಡುತ್ತದೆ. ಭಾರದ ರಾಕೆಟ್‌ಗೆ ದೀರ್ಘ ವಿಳಂಬದ ಮೋಟಾರನ್ನು ಹಾಕಿದರೆ ಅದು ತಲೆಕೆಳಗಾಗಿ ನೆಲಕ್ಕೆ ಬಡಿದ ಮೇಲೆ ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತದೆ. ತಿಂಗಳ ಶ್ರಮವು ಒಂದು ಅಂಕಿಯ ತಪ್ಪಿನಿಂದ ಮಣ್ಣುಪಾಲಾಗುವುದು ಹೀಗೆ.

ಪರಿಶೀಲನೆಯಾದ ರಾಕೆಟನ್ನು ಸುಮಾರು ಒಂದು ಮೀಟರ್ ಉದ್ದದ ಉಡಾವಣಾ ಕಂಬಿಗೆ ಏರಿಸಲಾಗುತ್ತದೆ. ರೆಕ್ಕೆಗಳು ಹಿಡಿತ ಸಾಧಿಸುವಷ್ಟು ವೇಗ ಬರುವವರೆಗೆ ಈ ಕಂಬಿಯು ದಾರಿ ತೋರುತ್ತದೆ. ಬತ್ತಿ ಹಚ್ಚುವ ಪದ್ಧತಿ ಇಲ್ಲಿಲ್ಲ. ದೂರದ ಬ್ಯಾಟರಿಯಿಂದ ವಿದ್ಯುತ್ ಹರಿಸಿ ಮೋಟಾರನ್ನು ಹೊತ್ತಿಸಲಾಗುತ್ತದೆ. ಡಿ ವರ್ಗದವರೆಗಿನ ಮೋಟಾರುಗಳಿಗೆ ಕನಿಷ್ಠ 15 ಅಡಿ, ಅದಕ್ಕಿಂತ ದೊಡ್ಡವಕ್ಕೆ 30 ಅಡಿ ದೂರದಲ್ಲಿ ಎಲ್ಲರೂ ನಿಲ್ಲಬೇಕು. ಗಟ್ಟಿಧ್ವನಿಯಲ್ಲಿ ಕ್ಷಣಗಣನೆ ಕಡ್ಡಾಯ.

ಗುಂಡಿಯೊತ್ತಿದರೂ ಮೋಟಾರು ಹೊತ್ತಿಕೊಳ್ಳದಿರುವ ಸಂದರ್ಭವು ಅತ್ಯಂತ ಎಚ್ಚರಿಕೆಯದು. ಹೊಸಬರು ಕೂಡಲೇ ರಾಕೆಟಿನತ್ತ ಧಾವಿಸುತ್ತಾರೆ. ನಿಯಮದಂತೆ ಮೊದಲು ಸುರಕ್ಷತಾ ಕೀಲಿಯನ್ನು ತೆಗೆಯಬೇಕು ಅಥವಾ ಬ್ಯಾಟರಿಯ ಸಂಪರ್ಕ ಕಡಿಯಬೇಕು. ಅನಂತರ 60 ಸೆಕೆಂಡು ಕಾಯಬೇಕು. ಆ ಒಂದು ನಿಮಿಷವು ಮೈದಾನದಲ್ಲಿ ಬಹಳ ದೀರ್ಘವೆನಿಸುತ್ತದೆಯಾದರೂ ಅದಕ್ಕೆ ವಿನಾಯಿತಿ ಇಲ್ಲ.

ಹಾರಿದ ರಾಕೆಟಿನ ಎತ್ತರವನ್ನು ಅಳೆಯುವುದು ಪ್ರೌಢಶಾಲೆಯ ತ್ರಿಕೋನಮಿತಿಯ ಪಾಠವೇ ಆಗಿದೆ. ಉಡಾವಣಾ ಸ್ಥಳದಿಂದ 100 ಮೀಟರ್ ದೂರದಲ್ಲಿ ನಿಂತವರಿಗೆ ರಾಕೆಟಿನ ತುದಿಸ್ಥಾನವು 45 ಡಿಗ್ರಿ ಕೋನದಲ್ಲಿ ಕಂಡರೆ ಎತ್ತರ 100 ಮೀಟರ್. 60 ಡಿಗ್ರಿಯಾದರೆ ಸುಮಾರು 173 ಮೀಟರ್. ಸಿ ವರ್ಗದ ಮೋಟಾರಿನಿಂದ ಹಗುರವಾದ ಮಾದರಿಯು ಸುಮಾರು 300 ಮೀಟರ್ ತಲುಪಬಲ್ಲದು. ಇಳಿಯುವಾಗ ಗಾಳಿಯು ಅದನ್ನು ಎಲ್ಲಿಗಾದರೂ ಒಯ್ಯಬಹುದು. ವಿದ್ಯುತ್ ತಂತಿಗೆ ಅಥವಾ ಎತ್ತರದ ಮರಕ್ಕೆ ಸಿಲುಕಿದ ರಾಕೆಟನ್ನು ತೆಗೆಯಲು ಯತ್ನಿಸಬಾರದು.

ಕಾಗದವೇ ಏಕೆ?

ರಾಕೆಟ್‌ಗೆ ಲೋಹದ ಕವಚ ತೊಡಿಸಿದ ಕೀರ್ತಿ ಮೈಸೂರಿನದು. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೇನೆಯು ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಬಿದಿರಿಗೆ ಬಿಗಿದ ರಾಕೆಟ್‌ಗಳನ್ನು ಬಳಸಿತು. ಶಿವಮೊಗ್ಗ ಜಿಲ್ಲೆಯ ನಗರದ ಬಾವಿಯೊಂದರಲ್ಲಿ ಇಂತಹ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು 2018ರಲ್ಲಿ ದೊರೆತವು. ಕಬ್ಬಿಣವು ಹೆಚ್ಚಿನ ಒತ್ತಡ ತಾಳುವುದರಿಂದ ಅವು ದೂರ ಸಾಗುತ್ತಿದ್ದವು. ಯುದ್ಧಕ್ಕೆ ಬೇಕಾದ ಈ ಗುಣವೇ ಹವ್ಯಾಸಕ್ಕೆ ಅಪಾಯಕಾರಿ. ಆದುದರಿಂದ ಸಂಘದ ನಿಯಮಗಳು ಮೊನೆ, ಕೊಳವೆ ಮತ್ತು ರೆಕ್ಕೆಗಳಲ್ಲಿ ಲೋಹವನ್ನು ನಿಷೇಧಿಸಿವೆ. ಒಟ್ಟು ತೂಕ 1500 ಗ್ರಾಂ ಹಾಗೂ ಇಂಧನ 125 ಗ್ರಾಂ ಮೀರುವಂತಿಲ್ಲ.

ಸಾರ್ವಜನಿಕರ ಗಮನಕ್ಕೆ

ಭಾರತದಲ್ಲಿ ಸ್ಫೋಟಕಗಳ ತಯಾರಿಕೆ, ಆಮದು ಮತ್ತು ಮಾರಾಟವು 1884ರ ಸ್ಫೋಟಕಗಳ ಅಧಿನಿಯಮ ಹಾಗೂ 2008ರ ಸ್ಫೋಟಕಗಳ ನಿಯಮಗಳಿಗೆ ಒಳಪಟ್ಟಿದೆ. ಪಟಾಕಿಯ ಮದ್ದನ್ನು ಬಿಡಿಸಿ ಕೊಳವೆಗೆ ತುಂಬುವ ಪ್ರಯೋಗವನ್ನು ಮಕ್ಕಳು ಮಾಡದಂತೆ ಪೋಷಕರು ಹಾಗೂ ಶಿಕ್ಷಕರು ನಿಗಾ ವಹಿಸತಕ್ಕದ್ದು.

ಶಾಲೆಗಳಿಗೆ ನೀರಿನ ರಾಕೆಟ್ ಸೂಕ್ತವಾಗಿದೆ. ಇದಕ್ಕೆ ಮದ್ದಿನ ಅಗತ್ಯವಿಲ್ಲ. ಸೋಡಾ ಪಾನೀಯದ ಪ್ಲಾಸ್ಟಿಕ್ ಬಾಟಲಿಯ ಮೂರನೆಯ ಒಂದು ಭಾಗದಷ್ಟು ನೀರು ತುಂಬಿ, ಸೈಕಲ್ ಪಂಪಿನಿಂದ ಗಾಳಿ ಹಾಕಿ ಬಿಟ್ಟರೆ ನೀರು ಕೆಳಕ್ಕೆ ಚಿಮ್ಮಿ ಬಾಟಲಿ ಮೇಲೇರುತ್ತದೆ. ಸಾಮಾನ್ಯ ಕುಡಿಯುವ ನೀರಿನ ತೆಳು ಬಾಟಲಿಗಳು ಒತ್ತಡವನ್ನು ತಾಳಲಾರವು; ಗಾಜಿನ ಬಾಟಲಿಯನ್ನಂತೂ ಬಳಸಲೇಬಾರದು. ಪಂಪು ಒತ್ತುವವರು ಕನ್ನಡಕ ಧರಿಸಿ, ಬಾಟಲಿಯಿಂದ ಐದಾರು ಮೀಟರ್ ದೂರ ನಿಲ್ಲುವಷ್ಟು ಉದ್ದದ ಗಾಳಿಕೊಳವೆಯನ್ನು ಜೋಡಿಸಿಕೊಳ್ಳಬೇಕು.