ಅಲಿಬಾಗದಲ್ಲಿ ಎರಡು ರಾತ್ರಿ

ರಜೆ ಬಂತೆಂದರೆ "ಎಲ್ಲಿಗೆ ಹೋಗೋಣ?" ಎಂಬ ಪ್ರಶ್ನೆ ನಿಮ್ಮ ಮನೆಯಲ್ಲೂ ಏಳುತ್ತದೆಯಲ್ಲವೇ? ನಾನು ಮದುವೆಯಾಗಿ ಮುಂಬಯಿಗೆ ಬಂದ ಹೊಸತರಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಮೇ ತಿಂಗಳೆಂದರೆ ಊರು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗುವ ಮೊದಲು, ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಾಡಿ, ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು ಕುಮಟಾ ಸೇರುತ್ತಿದ್ದೆವು. ಈಗ ರೈಲಿದೆ, ಇಳಿದು ಹೋಗಲು ಮನೆಯಿಲ್ಲ. ಮಾವನವರು ತೀರಿಕೊಂಡ ಮೇಲೆ ಪಾಲಾಗಿ, ಮನೆ-ತೋಟ ಬೇರೆಯವರ ಕೈ ಸೇರಿದವು. ನಿಮ್ಮಲ್ಲಿ ಅನೇಕರ ಮನೆಯ ಕಥೆಯೂ ಇದೇ ಇರಬಹುದು.

ಹಾಗಾಗಿ ಕಳೆದ ಡಿಸೆಂಬರಿನಲ್ಲಿ ನನ್ನ ಮಗಳೂ ಮೈದುನನ ಮಗನೂ ಸೇರಿ ಅಲಿಬಾಗದ ಹತ್ತಿರದ ನಾಗಾಂವ್‌ನಲ್ಲಿ ಒಂದು ಕಾಟೇಜ್ ಗೊತ್ತುಮಾಡಿದರು. ಎಂಬತ್ತನಾಲ್ಕು ವರ್ಷದ ನಮ್ಮ ಅತ್ತೆಯವರನ್ನೂ ಕರೆದುಕೊಂಡು ಏಳು ಮಂದಿ ಹೊರಟೆವು.

ಗೇಟ್‌ವೇಯಿಂದ ಮಾಂಡವಾಕ್ಕೆ ದೋಣಿಯಲ್ಲಿ ಹೋಗುವುದು ನಿಮಗೆಲ್ಲ ಗೊತ್ತು. ವಯಸ್ಸಾದವರಿಗೆ ಹತ್ತಿ ಇಳಿಯುವುದು ಕಷ್ಟ. 2020ರಿಂದ ಭಾವುಚಾ ಧಕ್ಕಾದಿಂದ ಕಾರು ಸಮೇತ ಕೊಂಡೊಯ್ಯುವ ರೋ-ರೋ ಹಡಗು ಶುರುವಾಗಿರುವುದರಿಂದ ನಾವು ಅದನ್ನೇ ಹಿಡಿದೆವು. ಸುಮಾರು ಒಂದು ಗಂಟೆಯ ಪ್ರಯಾಣ. ಮಾಂಡವಾದಿಂದ ಅಲಿಬಾಗ ಇಪ್ಪತ್ತು ಕಿಲೋಮೀಟರಿನಷ್ಟು.

ಅಲಿಬಾಗದಲ್ಲಿ ನೋಡತಕ್ಕದ್ದು ಬೇಕಾದಷ್ಟಿದೆ. ಸಮುದ್ರದ ನಡುವೆ ನಿಂತ ಕುಲಾಬಾ ಕೋಟೆಗೆ ಇಳಿತದ ಹೊತ್ತಿಗೆ ನಡೆದೇ ಹೋಗಬಹುದು. ಆದರೆ ನೀರು ಏರುವ ವೇಳೆಯನ್ನು ಊರವರಲ್ಲಿ ಕೇಳಿಕೊಂಡೇ ಹೊರಡಿ. ಉಪ್ಪುನೀರಿನ ಮಧ್ಯದ ಆ ಕೋಟೆಯೊಳಗೆ ಸಿಹಿನೀರಿನ ಬಾವಿಯಿದೆ! ಊರಿನಲ್ಲಿ ಭೂಮಿಯ ಅಯಸ್ಕಾಂತ ಶಕ್ತಿಯನ್ನು ಅಳೆಯುವ ವೀಕ್ಷಣಾಲಯವೂ ಇದೆ. ಮುಂಬಯಿಗೆ ವಿದ್ಯುತ್ ಟ್ರಾಮ್ ಬರಲಿದ್ದುದರಿಂದ ಕೊಲಾಬಾದ ಸೂಕ್ಷ್ಮ ಉಪಕರಣಗಳಿಗೆ ತೊಂದರೆಯಾದೀತೆಂದು 1904ರಲ್ಲಿ ಅದನ್ನು ಇಲ್ಲಿ ಸ್ಥಾಪಿಸಿದರು.

ನಮ್ಮ ಕಾಟೇಜ್ ಇದ್ದುದು ಒಂದು ವಾಡಿಯಲ್ಲಿ, ಅಂದರೆ ತೋಟದಲ್ಲಿ. ತೆಂಗು, ಅಡಿಕೆ, ಬಾವಿಕಟ್ಟೆ. ಬೇಲಿಯಾಚೆ ಸಮುದ್ರದ ಸದ್ದು. ಕಾರಿನಿಂದಿಳಿದ ಅತ್ತೆಯವರು ಒಂದು ಕ್ಷಣ ಸುಮ್ಮನೆ ನಿಂತರು. ತೋಟದ ಮಾವಶಿ ಕೋಕಂ ಶರಬತ್ತು ತಂದಿಟ್ಟಾಗ "ಇದು ನಮ್ಮ ಮುರುಗಲೇ ಅಲ್ಲವೇ!" ಎಂದರು. ಬೆಳಿಗ್ಗೆ ಅವಳು ಎರೆದ ಘಾವನ ತಿಂದು, "ನಮ್ಮ ತೆಳ್ಳೇವು" ಎಂದರು. ಕರಾವಳಿ ಒಂದೇ ನೋಡಿ, ಹೆಸರು ಮಾತ್ರ ಬೇರೆ ಬೇರೆ.

ಆಗ ನಡೆದದ್ದನ್ನು ನಿಮಗೆ ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ. ಬಾವಿಕಟ್ಟೆಯ ಮೇಲೆ ಕೂತಿದ್ದ ಅತ್ತೆ, "ಕೂಸೇ, ಆ ಹಾಳೆ ಎತ್ತಿಕೊಂಡು ಬಾ" ಎಂದರು. ನನ್ನ ಮಗಳು ಒಳಗೋಡಿ ನೋಟ್‌ಬುಕ್ಕಿನಿಂದ ಒಂದು ಕಾಗದ ಹರಿದು ತಂದಳು! ಎಲ್ಲರೂ ನಕ್ಕೆವು. ಅವಳ ತಪ್ಪೇನಿಲ್ಲ; ತರಗತಿಯಲ್ಲಿ ಕಲಿತ ಹಾಳೆ ಅದೇ. ಅತ್ತೆ ಕೇಳಿದ್ದು ಮರದ ಬುಡದಲ್ಲಿ ಬಿದ್ದಿದ್ದ ಅಡಿಕೆ ಹಾಳೆಯನ್ನು.

ಅದನ್ನು ಕೈಯಲ್ಲಿ ಹಿಡಿದು ಅವರು ಕಥೆ ತೆಗೆದರು. ಮಕ್ಕಳನ್ನು ಹಾಳೆಯಲ್ಲಿ ಕೂರಿಸಿ ಅಂಗಳದ ತುಂಬ ಎಳೆಯುತ್ತಿದ್ದುದು, ಕೊಯ್ಲಿನವರ ಹಾಳೆಟೊಪ್ಪಿ, ಮಳೆಗಾಲದಲ್ಲಿ ಬಚ್ಚಲ ಒಲೆಯ ಮುಂದೆ ಹಲಸಿನ ಬೀಜ ಸುಡುತ್ತಿದ್ದುದು... ಹುಡುಗರು ಮುಖ ಮುಖ ನೋಡಿಕೊಂಡರು. ಅದನ್ನು ಕಂಡ ಅತ್ತೆ, ಮೊಮ್ಮಕ್ಕಳಿಗೆ ಅರ್ಥವಾಗಲೆಂದು, ಮರಾಠಿಗೆ ಹೊರಳಿದರು. ಪೇಟೆಯಲ್ಲಿ ತರಕಾರಿ ಕೊಳ್ಳುತ್ತ ಕಲಿತ ಮರಾಠಿ ಅವರದು. ಅದರಲ್ಲಿ ಹಾಳೆಟೊಪ್ಪಿ ಇಲ್ಲ, ಬಚ್ಚಲ ಒಲೆ ಇಲ್ಲ. "ಖೂಪ್ ಮಜಾ ಯಾಯಚೀ" ಎಂದು ಅಷ್ಟಕ್ಕೇ ನಿಲ್ಲಿಸಿದರು. ನನಗೆ ಕರುಳು ಚುರ್ರೆಂದಿತು. ತಮ್ಮ ಮನೆಯಂಗಳದ ಕಥೆಯನ್ನು ಸ್ವಂತ ಮೊಮ್ಮಕ್ಕಳಿಗೆ ಹೇಳಲು ಆ ಜೀವ ಪರಭಾಷೆಯಲ್ಲಿ ತಡವರಿಸಬೇಕಾಯಿತು.

ಮರುದಿನ ರೇವದಂಡಾ ದಾಟಿ, ಖಾಡಿಯ ಸೇತುವೆಯಾಚೆಯ ಕೊರ್ಲಾಯಿಗೆ ಹೋದೆವು. ಗುಡ್ಡದ ಮೇಲೆ ಪೋರ್ಚುಗೀಸರ ಕೋಟೆ, ಕೆಳಗೆ ಪುಟ್ಟ ಹಳ್ಳಿ. ಇಗರ್ಜಿಯ ಬಳಿ ಜಗಲಿಯಲ್ಲಿ ಕೂತ ಒಬ್ಬ ಅಜ್ಜಿ ಮೊಮ್ಮಗನನ್ನು ಗದರಿಸುತ್ತಿದ್ದಳು. ಮರಾಠಿಯಲ್ಲ, ಕೊಂಕಣಿಯೂ ಅಲ್ಲ. ಯಾವ ಭಾಷೆ ಎಂದು ಮರಾಠಿಯಲ್ಲಿ ಕೇಳಿದೆ. "ನೌ ಲಿಂಗ್" ಎಂದಳು. ಹಾಗೆಂದರೆ "ನಮ್ಮ ಭಾಷೆ".

ಪೋರ್ಚುಗೀಸರು 1521ರಲ್ಲಿ ಇಲ್ಲಿಯ ಚೌಲ್‌ನಲ್ಲಿ ಕೋಟೆ ಕಟ್ಟತೊಡಗಿದರು. 1740ರಲ್ಲಿ ಮರಾಠರಿಗೆ ಬಿಟ್ಟುಕೊಟ್ಟು ಹೊರಟುಹೋದರು. ಅವರ ಮಾತೂ ಇಲ್ಲಿಯ ಮಾತೂ ಬೆರೆತು ಹುಟ್ಟಿದ ಭಾಷೆಯನ್ನು ಕೊರ್ಲಾಯಿಯ ಕ್ರೈಸ್ತ ಕುಟುಂಬಗಳು ಇಂದಿಗೂ ಆಡುತ್ತವೆ. ಭಾಷಾಶಾಸ್ತ್ರಜ್ಞ ಕ್ಲಾನ್ಸಿ ಕ್ಲೆಮೆಂಟ್ಸ್ 1996ರಲ್ಲಿ ಇದರ ಮೇಲೊಂದು ಗ್ರಂಥವನ್ನೇ ಪ್ರಕಟಿಸಿದರು. ನಾವು ದಿನವೂ ಆಡುವ ಚಾವಿ, ಪಗಾರ, ಬಟಾಟೆ ಎಂಬ ಮಾತುಗಳೂ ಪೋರ್ಚುಗೀಸರಿಂದಲೇ ಬಂದವು.

ಯೋಚಿಸಿ ನೋಡಿ. ಆ ಭಾಷೆಗೆ ಶಾಲೆಯಿಲ್ಲ, ಸಂಘವಿಲ್ಲ, ಪ್ರಶಸ್ತಿಯಿಲ್ಲ. ಅಲ್ಲಿಯ ಮಕ್ಕಳೂ ನಿಮ್ಮಂತೆಯೇ ಶಾಲೆಯಲ್ಲಿ ಬೇರೆ ಭಾಷೆ ಕಲಿಯುವವರು. ಆದರೂ ಇನ್ನೂರ ಎಂಬತ್ತು ವರ್ಷಗಳಿಂದ ಅದು ಉಳಿದಿರುವುದು ಅಡುಗೆಮನೆಯಲ್ಲಿ, ಜಗಲಿಯಲ್ಲಿ, ಅಜ್ಜಿಯ ಗದರಿಕೆಯಲ್ಲಿ. ನಮಗೋ ಎಂಟು ಜ್ಞಾನಪೀಠಗಳಿವೆ. ಹನೇಹಳ್ಳಿಯಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಬಾಂದ್ರಾದಲ್ಲಿ ಕೂತು ಆ ಹಳ್ಳಿಯನ್ನು ಕನ್ನಡದಲ್ಲಿ ಜೀವಂತವಾಗಿಟ್ಟರು. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ಇದೇ ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದವರು ನಮ್ಮ ಹಿರಿಯರು. ಇಷ್ಟಿದ್ದೂ ನಮ್ಮ ಮನೆಯ ಕಥೆ "ಖೂಪ್ ಮಜಾ"ದಲ್ಲಿ ಮುಗಿಯಿತು.

ತಪ್ಪು ನಿಮ್ಮದಲ್ಲ, ನಮ್ಮದು. ಇಂಗ್ಲಿಷಿನಲ್ಲಿ ಬಿ.ಎ. ಮಾಡಿದ ನಾನು, ಮಗಳು ಶಾಲೆಯಲ್ಲಿ ಹಿಂದೆ ಬೀಳಬಾರದೆಂದು ಊಟ ಮಾಡಿಸುವಾಗಲೂ ಇಂಗ್ಲಿಷನ್ನೇ ಆಡಿದವಳು. ಆಗ ಅದು ಜಾಣತನವೆನಿಸಿತ್ತು. ಅತ್ತೆಯವರೊಡನೆ ಅವಳು ಎರಡು ಮಾತಿಗಿಂತ ಹೆಚ್ಚು ಆಡಲಾರಳೆಂಬುದನ್ನು ನಾನು ನೋಡಿಯೂ ನೋಡದಂತಿದ್ದೆ.

ಹಿಂದಿರುಗುವಾಗ ಹಡಗಿನಲ್ಲಿ ಮಗಳು ಅಜ್ಜಿಯ ಪಕ್ಕ ಕೂತು, "ಅಜ್ಜಿ, ಹಾಳೆಟೊಪ್ಪಿ ಹೇಗೆ ಮಾಡುವುದು? ಕನ್ನಡದಲ್ಲೇ ಹೇಳು, ತಿಳಿಯದಿದ್ದರೆ ಕೇಳುತ್ತೇನೆ" ಎಂದಳು. ಹತ್ತು ಸಲ ನಿಲ್ಲಿಸಿ ಕೇಳಿದಳು. ಅತ್ತೆಯವರಿಗೆ ಒಮ್ಮೆಯೂ ಬೇಸರ ಬರಲಿಲ್ಲ.

ಮಕ್ಕಳೇ, ಮುಂದಿನ ರಜೆಯಲ್ಲಿ ಅಲಿಬಾಗ, ಮುರುಡ, ಕೇಳವೆ, ಎಲ್ಲಿಗಾದರೂ ಹೋಗಿ. ಗೆಳೆಯರೊಡನೆ ಹತ್ತು ಸಲ ಹೋಗಿ. ಒಂದು ಸಲ ಮಾತ್ರ ಮನೆಯ ಅಜ್ಜ-ಅಜ್ಜಿಯರನ್ನು ಕರೆದುಕೊಂಡು ಹೋಗಿ. ಅಲ್ಲಿ ಮರ, ಬಾವಿ, ಅಡುಗೆ ಏನೇ ಕಂಡರೂ "ಇದಕ್ಕೆ ನಮ್ಮಲ್ಲಿ ಏನನ್ನುತ್ತಾರೆ?" ಎಂದು ಕೇಳಿ. ಊರಿನ ಮನೆ ಹೋದರೂ ಅದರ ಮಾತುಗಳು ಅವರ ಬಳಿ ಇನ್ನೂ ಇವೆ. ಅವರು ಇರುವಾಗಲೇ ಕೇಳಿಕೊಳ್ಳಿ.