ಡಾರ್ತ್ ವೇಡರ್‌ನ ನಿಷ್ಠೆ ಯಾರಿಗೆ?

‘ಸ್ಟಾರ್ ವಾರ್ಸ್’ ಸಿನಿಮಾಗಳ ಡಾರ್ತ್ ವೇಡರ್ ಚಕ್ರವರ್ತಿಯ ಬಲಗೈ ಬಂಟ, ಸರಿ. ಆದರೆ 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ನೋಡಿ. ಮಗ ಲ್ಯೂಕ್‌ನ ಕೈ ಕತ್ತರಿಸಿದ ಬೆನ್ನಲ್ಲೇ, ಇಬ್ಬರೂ ಸೇರಿ ಚಕ್ರವರ್ತಿಯನ್ನು ಮುಗಿಸಿ ಆಳೋಣ ಬಾ ಅಂತ ಅವನನ್ನೇ ಕರೆಯುತ್ತಾನೆ!

ಚಕ್ರವರ್ತಿಯೇನು ಕಮ್ಮಿಯೇ? 1983ರ ‘ರಿಟರ್ನ್ ಆಫ್ ದಿ ಜೆಡೈ’ನಲ್ಲಿ, ಸೋತು ಬಿದ್ದ ವೇಡರ್‌ನ ಎದುರಲ್ಲೇ, ಅಪ್ಪನ ಜಾಗಕ್ಕೆ ನೀನು ಬಾ ಅಂತ ಲ್ಯೂಕ್‌ಗೆ ಹೇಳುತ್ತಾನೆ. ಸಿತ್ ಅನ್ನೋ ಕರಾಳ ಪಂಥದ ಈ ಗುರು-ಶಿಷ್ಯರ ನಂಟು ಇಷ್ಟೇ, ಉಪಯೋಗ ಇರೋವರೆಗೆ.

ಆಮೇಲಿನ ದೃಶ್ಯ ಅಂದ್ರೆ ನನಗೆ ಪ್ರಾಣ. ಚಕ್ರವರ್ತಿಯ ಮಿಂಚಿಗೆ ಸಿಕ್ಕಿ ಲ್ಯೂಕ್ ಒದ್ದಾಡುತ್ತಿದ್ದಾನೆ. ವೇಡರ್‌ನ ಮುಖವಾಡ ಮಗನತ್ತ ತಿರುಗುತ್ತೆ, ಚಕ್ರವರ್ತಿಯತ್ತ, ಮತ್ತೆ ಮಗನತ್ತ. 2011ರ ಬ್ಲೂ-ರೇಯಲ್ಲಿ ಇಲ್ಲಿ ‘ನೋ’ ಅಂತ ಕೂಗಿಸಿದರು, ಖಂಡಿತ ಬೇಕಿರಲಿಲ್ಲ. ಹೆಂಡತಿ ಪದ್ಮೆಯನ್ನು ಉಳಿಸಿಕೊಳ್ಳಲು ಈ ಗುರುವಿಗೆ ಮಂಡಿಯೂರಿದ್ದವನು, ಮಗನನ್ನು ಉಳಿಸಲು ಅದೇ ಗುರುವನ್ನು ಎತ್ತಿ ಪ್ರಪಾತಕ್ಕೆ ಎಸೆಯುತ್ತಾನೆ.